ಪಾಡ್‌ಕಾಸ್ಟ್ ಪಠ್ಯ | ‘ಯಾವ ವರ್ಷದ್ದು?’: ಹಳೇ ಲಿವರ್ ರೈಫಲ್ ಕೊಳ್ಳೋರ ಮೊದಲ ಪ್ರಶ್ನೆ

2014ರ ನವೆಂಬರ್. ಅಮೆರಿಕದ ನೆವಾಡಾ ರಾಜ್ಯದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನ. ಪುರಾತತ್ವ ಸರ್ವೆಗೆ ಅಂತ ಗುಡ್ಡ ಸುತ್ತುತ್ತಿದ್ದವರಿಗೆ ಒಂದು ಜೂನಿಪರ್ ಮರ ಕಾಣಿಸ್ತು. ಮರಕ್ಕೆ ಒಂದು ರೈಫಲ್ ಒರಗಿಸಿಟ್ಟಿದೆ. ಯಾರೋ ಈಗಷ್ಟೇ ಇಟ್ಟು, ನೀರು ಕುಡಿದು ಬರೋಕೆ ಹೋದ ಹಾಗೆ. ಆದರೆ ಹತ್ತಿರ ಹೋಗಿ ನೋಡಿದ್ರೆ ಅದರ ಮರ ಬಿಸಿಲು ಹಿಮಕ್ಕೆ ಬಿರುಕು ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿತ್ತು. ಬುಡ ಮಣ್ಣಲ್ಲಿ ಹೂತಿತ್ತು. ನಳಿಗೆ ಪೂರ್ತಿ ತುಕ್ಕು.

ಅದರ ಮೇಲೆ ‘ಮಾಡೆಲ್ 1873’ ಅಂತ ಕೆತ್ತಿತ್ತು, ಜೊತೆಗೆ ಒಂದು ಸೀರಿಯಲ್ ನಂಬರ್. ವ್ಯೋಮಿಂಗ್‌ನ ಕೋಡಿ ಊರಿನ ಬಂದೂಕು ಮ್ಯೂಸಿಯಂನಲ್ಲಿ ವಿಂಚೆಸ್ಟರ್ ಕಂಪನಿಯ ಹಳೇ ದಾಖಲೆ ಪುಸ್ತಕಗಳಿವೆ. ನಂಬರ್ ತಾಳೆ ನೋಡಿದಾಗ ಗೊತ್ತಾಯ್ತು, ಇದು 1882ರಲ್ಲಿ ಕಾರ್ಖಾನೆಯಿಂದ ಹೊರಟ ರೈಫಲ್. ಇಟ್ಟು ಹೋದವರು ಯಾರು, ಯಾಕೆ ವಾಪಸ್ ಬರಲಿಲ್ಲ ಅನ್ನೋದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹುಟ್ಟಿದ ವರ್ಷ ಮಾತ್ರ ಗೊತ್ತು.

ನಮ್ಮಲ್ಲಿ ಹಳೇ ಆರ್‌ಎಕ್ಸ್ 100 ಹುಡುಕೋರು ಮೊದಲು ಕೇಳೋದೇನು? ‘ಯಾವ ಮಾಡೆಲ್ ಗುರು?’ ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಲಿವರ್ ರೈಫಲ್ ಕೊಳ್ಳೋರದ್ದೂ ಇದೇ ಪ್ರಶ್ನೆ. ಕಾಗದದ ಟಾರ್ಗೆಟ್‌ಗೆ ಹೊಡೆಯೋಕೆ, ಅಳಿಲು ಮೊಲದಂಥ ಸಣ್ಣ ಬೇಟೆಗೆ ಒಂದು ಹಳೇ ರೈಫಲ್ ಸಾಕು ಅನ್ನೋನು ಕೂಡ ವರ್ಷ ಕೇಳ್ತಾನೆ. ಯಾಕೆ ಅಂತ ಇವತ್ತು ನೋಡೋಣ. (ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಇದು ಅಮೆರಿಕದ ಕಥೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ, ಬಂದೂಕಿಗೆ ಲೈಸೆನ್ಸ್ ಬೇರೆ ಬೇಕು.)

ಲಿವರ್ ಅಂದ್ರೆ ಟ್ರಿಗರ್ ಸುತ್ತ ಇರೋ ಉಕ್ಕಿನ ಬಳೆ. ಅದನ್ನ ಕೆಳಗೆ ತಳ್ಳಿದರೆ ಹಾರಿಸಿದ ತೋಟಾದ ಖಾಲಿ ಚಿಪ್ಪು ಹೊರಗೆ ಹಾರುತ್ತೆ. ಮೇಲೆ ಎಳೆದರೆ ಹೊಸ ತೋಟಾ ನಳಿಗೆಗೆ ಹೋಗುತ್ತೆ. ಕೋವಿ ಹೆಗಲಿಂದ ಇಳಿಯೋದೇ ಬೇಡ. 1860ರಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಇಂಥದ್ದೊಂದು ರೈಫಲ್‌ಗೆ ಪೇಟೆಂಟ್ ಪಡೆದ. ಅವನು ಕೆಲಸ ಮಾಡ್ತಿದ್ದ ಕಂಪನಿಯ ಯಜಮಾನ ಆಲಿವರ್ ವಿಂಚೆಸ್ಟರ್, ಮೂಲತಃ ಅಂಗಿ ತಯಾರಿಸಿ ದುಡ್ಡು ಮಾಡಿದವನು. 1866ರಲ್ಲಿ ಅವನ ಹೆಸರಲ್ಲೇ ಕಂಪನಿ ಶುರುವಾಯ್ತು. 1873ರ ಮಾಡೆಲ್ ಮೊದಲು ಬಂದಾಗ ಬೆಲೆ 50 ಡಾಲರ್. 1882ರ ಹೊತ್ತಿಗೆ 25ಕ್ಕೆ ಇಳಿದಿತ್ತು. ಆ ಒಂದೇ ವರ್ಷ 25,000ಕ್ಕೂ ಹೆಚ್ಚು ತಯಾರಾದವು. ನಮ್ಮ ಜೂನಿಪರ್ ಮರದ ರೈಫಲ್ ಅದರಲ್ಲೊಂದು.

ವಿಂಚೆಸ್ಟರ್‌ಗೆ ಸರಿಯಾದ ಪೈಪೋಟಿ ಕೊಟ್ಟಿದ್ದು ಅದೇ ಕನೆಕ್ಟಿಕಟ್ ರಾಜ್ಯದ ಜಾನ್ ಮಾರ್ಲಿನ್. ಆ ಕಾಲದ ವಿಂಚೆಸ್ಟರ್‌ಗಳಲ್ಲಿ ಖಾಲಿ ಚಿಪ್ಪು ಮೇಲಕ್ಕೆ ಹಾರುತ್ತೆ. ಮಾರ್ಲಿನ್ 1889ರಲ್ಲಿ ಮೇಲ್ಭಾಗ ಮುಚ್ಚಿ, ಚಿಪ್ಪು ಪಕ್ಕಕ್ಕೆ ಹಾರೋ ಹಾಗೆ ಮಾಡಿದ. ಆಗ ಅದೇನು ದೊಡ್ಡ ವಿಷಯ ಅನ್ನಿಸಿರಲಿಕ್ಕಿಲ್ಲ. ಮುಂದೆ ರೈಫಲ್ ಮೇಲೆ ದುರ್ಬೀನು ಕೂರಿಸೋ ಕಾಲ ಬಂದಾಗ ಅದೇ ವರವಾಯ್ತು. 1891ರಲ್ಲಿ ಮಾರ್ಲಿನ್ ಸಣ್ಣ .22 ತೋಟಾದ ಲಿವರ್ ರೈಫಲ್ ತಂದ. ಗುರಿಗಾರ್ತಿ ಆ್ಯನಿ ಓಕ್ಲಿ ಕೈಯಲ್ಲೂ ಅದು ಇತ್ತು. ಅದೇ ವಂಶ ತಿದ್ದುಪಡಿ ಆಗ್ತಾ ಆಗ್ತಾ 1939ರಲ್ಲಿ ‘39ಎ’ ಆಯ್ತು.

ಟಾರ್ಗೆಟ್ ಮತ್ತು ಅಳಿಲಿಗೆ ಅಂತ ಹೊರಟವನು ಇವತ್ತಿಗೂ ಹುಡುಕೋದು ಇದನ್ನೇ. ವಿಂಚೆಸ್ಟರ್ 94ರ .30-30 ತೋಟಾ ಜಿಂಕೆಗೆ ಸರಿ, ಅಳಿಲಿಗೆ ಹೊಡೆದರೆ ಉಳಿಯೋದೇನೂ ಇಲ್ಲ! .22 ತೋಟಾ ಅಗ್ಗ, ಸದ್ದು ಕಮ್ಮಿ, ಒದೆತ ಇಲ್ಲವೇ ಇಲ್ಲ ಅನ್ನಬಹುದು.

ಈಗ ವರ್ಷದ ವಿಷಯಕ್ಕೆ ಬರೋಣ. 1964ರಲ್ಲಿ ವಿಂಚೆಸ್ಟರ್ ಖರ್ಚು ಕಮ್ಮಿ ಮಾಡೋಕೆ ಹೊರಟಿತು. ಗಟ್ಟಿ ಉಕ್ಕನ್ನ ಕಡೆದು ಮಾಡ್ತಿದ್ದ ಭಾಗಗಳ ಜಾಗಕ್ಕೆ ತಗಡು ಒತ್ತಿ ಮಾಡಿದ ಭಾಗ ಬಂತು, ಗಟ್ಟಿ ಪಿನ್ನಿನ ಜಾಗಕ್ಕೆ ಪೊಳ್ಳು ಪಿನ್ನು ಬಂತು. ರಿಸೀವರ್‌ನ ಉಕ್ಕೇ ಬದಲಾಗಿ, ಹಳೇ ಥರದ ನೀಲಿ-ಕಪ್ಪು ಬಣ್ಣ ಅದಕ್ಕೆ ಸರಿಯಾಗಿ ಹಿಡಿಯಲಿಲ್ಲ. ಗುಂಡು ಮೊದಲಿನ ಹಾಗೇ ಹಾರ್ತಿತ್ತು, ಆದರೆ ಲಿವರ್ ಎಳೆದಾಗ ಕೈಗೆ ವ್ಯತ್ಯಾಸ ಗೊತ್ತಾಗ್ತಿತ್ತು. ಅವತ್ತಿಂದ ‘64ಕ್ಕಿಂತ ಹಿಂದಿನದು’ ಅನ್ನೋ ಮಾತೇ ಮಾರ್ಕೆಟ್ಟಿನಲ್ಲಿ ಒಂದು ಬೆಲೆ ಆಗಿಬಿಡ್ತು. ನನಗೆ ಇದು ಸ್ವಲ್ಪ ಅತಿ ಅನ್ಸುತ್ತೆ. ಯಾಕಂದ್ರೆ ಅದೇ ಕಂಪನಿ 1972ರಲ್ಲಿ ತಂದ 9422 ಅನ್ನೋ .22 ರೈಫಲ್ ಅಚ್ಚುಕಟ್ಟಾಗಿದೆ. ಬರೀ 64 ಅಂತ ಬಾಯಿಪಾಠ ಮಾಡಿಕೊಂಡೋರು ಅದನ್ನ ಕಳ್ಕೊಳ್ತಾರೆ.

ಮಾರ್ಲಿನ್ ಕಥೆ ಇದಕ್ಕಿಂತ ಕಹಿ. 2007ರ ಕೊನೆಯಲ್ಲಿ ರೆಮಿಂಗ್‌ಟನ್ ಕಂಪನಿ ಮಾರ್ಲಿನ್ ಕೊಳ್ಳೋದಾಗಿ ಘೋಷಿಸ್ತು. 2010ರಲ್ಲಿ ನಾರ್ತ್ ಹೇವನ್ ಕಾರ್ಖಾನೆ ಮುಚ್ಚೋ ತೀರ್ಮಾನ ಬಂತು. 2011ರಲ್ಲಿ ಬಾಗಿಲು ಮುಚ್ಚಿತು, ಇನ್ನೂರಕ್ಕೂ ಹೆಚ್ಚು ಜನ ಮನೆಗೆ ಹೋದರು. ಯಂತ್ರಗಳನ್ನ ಲಾರಿಗೆ ಹಾಕಿ ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಸಾಗಿಸಿದರು. ಅಲ್ಲಿ ಗೊತ್ತಾಯ್ತು: ಯಂತ್ರಗಳು ಸವೆದಿವೆ, ನಕ್ಷೆಯಲ್ಲಿರೋ ಅಳತೆಗೂ ನಿಜವಾಗಿ ಮಾಡ್ತಿದ್ದ ಅಳತೆಗೂ ತಾಳೆ ಇಲ್ಲ. ಯಾವ ಯಂತ್ರಕ್ಕೆ ಎಷ್ಟು ಸಡಿಲ ಕೊಡಬೇಕು, ಯಾವ ಭಾಗವನ್ನ ಎಲ್ಲಿ ಅರ ಹಾಕಿ ಉಜ್ಜಬೇಕು ಅನ್ನೋದು ಹಳೇ ಕೆಲಸಗಾರರ ಕೈಯಲ್ಲಿತ್ತು. ಕಾಗದದಲ್ಲಿರಲಿಲ್ಲ. ಆ ಕೈಗಳನ್ನ ಯಾರೂ ಲಾರಿಗೆ ಹತ್ತಿಸಿರಲಿಲ್ಲ.

ಹಾಗಾಗಿ ಆಮೇಲೆ ಬಂದ ರೈಫಲ್‌ಗಳಲ್ಲಿ ಸೊಟ್ಟ ಸೈಟು, ಮರಕ್ಕೂ ಉಕ್ಕಿಗೂ ನಡುವೆ ಸಂದು, ಸಿಕ್ಕಿಹಾಕಿಕೊಳ್ಳೋ ತೋಟಾ ಅಂತ ದೂರು ಶುರುವಾಯ್ತು. ಈಗ ಹಳೇ ಮಾರ್ಲಿನ್ ಕೊಳ್ಳೋರು ನಳಿಗೆಯ ಬುಡದಲ್ಲಿ ‘ಜೆಎಂ’ ಅನ್ನೋ ಪುಟ್ಟ ಮುದ್ರೆ ಹುಡುಕ್ತಾರೆ. ಜಾನ್ ಮಾರ್ಲಿನ್‌ನ ಎರಡು ಅಕ್ಷರ. ಅದಿದ್ರೆ ನಳಿಗೆ ಹಳೇ ಕಾರ್ಖಾನೆಯದ್ದು ಅಂತ ಲೆಕ್ಕ. 2020ರಲ್ಲಿ ರೆಮಿಂಗ್‌ಟನ್ ದಿವಾಳಿಯಾಗಿ ಮಾರ್ಲಿನ್ ಹೆಸರು ರೂಗರ್ ಕಂಪನಿ ಪಾಲಾಯ್ತು. ಅವರು ನಾರ್ತ್ ಕ್ಯಾರೊಲಿನಾದಲ್ಲಿ 2021ರ ಕೊನೆಗೆ ಮೊದಲ ರೈಫಲ್ ಹೊರತಂದರು.

ಆದರೆ ಮುದ್ರೆ ನೋಡಿ ದುಡ್ಡು ಎಣಿಸಿಬಿಡಬೇಡಿ ಅಂತಾರೆ ಬಲ್ಲವರು. ಮೊದಲು ಲಿವರ್ ತೆರೆದು ಒಳಗೆ ತೋಟಾ ಇಲ್ಲ ಅಂತ ಖಚಿತ ಮಾಡ್ಕೋಬೇಕು. ಆಮೇಲೆ ನಳಿಗೆಯ ಬಾಯಿ ನೋಡಬೇಕು. ಹೆಚ್ಚಿನ ಲಿವರ್ ರೈಫಲ್‌ಗಳಲ್ಲಿ ಶುಚಿ ಮಾಡೋ ಸಲಾಕೆಯನ್ನ ಬಾಯಿ ಕಡೆಯಿಂದಲೇ ತೂರಿಸಬೇಕು. ಐವತ್ತು ವರ್ಷ ಹಾಗೆ ಉಜ್ಜಿದ್ರೆ ಬಾಯಿ ಸವೆಯುತ್ತೆ, ಗುಂಡು ಓರೆ ಹೋಗುತ್ತೆ. 39ಎ ಇಲ್ಲೂ ಜಾಣ: ಪಕ್ಕದ ಒಂದು ತಿರುಪು ಕೈಯಲ್ಲೇ ಬಿಚ್ಚಿದ್ರೆ ರೈಫಲ್ ಎರಡು ತುಂಡಾಗುತ್ತೆ, ಹಿಂದಿನಿಂದಲೇ ಶುಚಿ ಮಾಡಬಹುದು. ಇನ್ನು ಸ್ಕ್ರೂಗಳ ತಲೆ ಜಜ್ಜಿದ್ರೆ ಯಾರೋ ಗೊತ್ತಿಲ್ಲದೆ ಬಿಚ್ಚಿದ್ದಾರೆ ಅಂತ ಅರ್ಥ. ಹೊಸ ಬಣ್ಣ ಪಳಪಳ ಅಂತಿದ್ರೆ ಇನ್ನೂ ಅನುಮಾನ. ಕಾರ್ಖಾನೆಯ ಮೂಲ ಬಣ್ಣ ಮಾಸಿದ್ದರೂ ಅದಕ್ಕೇ ಬೆಲೆ ಜಾಸ್ತಿ.

ಆ ಜೂನಿಪರ್ ಮರದ ರೈಫಲ್‌ಗೂ ಯಾರೂ ಪಾಲಿಶ್ ಹಾಕಲಿಲ್ಲ. ಮರ ಇನ್ನಷ್ಟು ಉದುರದ ಹಾಗೆ ಭದ್ರ ಮಾಡಿದರು, ತುಕ್ಕು ಬಿರುಕು ಹಾಗೇ ಬಿಟ್ಟರು. ಕೋಡಿಯ ಒಂದು ಆಸ್ಪತ್ರೆಯಲ್ಲಿ ಅದಕ್ಕೆ ಎಕ್ಸ್‌ರೇ ಮಾಡಿಸಿದರು. ನಳಿಗೆಯಲ್ಲಿ ಏನೂ ಇರಲಿಲ್ಲ. ಹಿಂದಿನ ಮರದೊಳಗಿನ ಪುಟ್ಟ ಗೂಡಲ್ಲಿ ಮಾತ್ರ ಒಂದೇ ಒಂದು ತೋಟಾ ಸಿಕ್ತು.