ಬೆಂಗಳೂರು ಕಾಳಗದ ಕಲ್ಲು

ಬೆಂಗಳೂರು ಎಂಬ ಹೆಸರು, ಈವರೆಗೆ ತಿಳಿದಿರುವಂತೆ, ಮೊದಲ ಸಲ ಕಾಣಿಸಿಕೊಳ್ಳುವುದು ಇಬ್ಬರ ಸಾವನ್ನು ದಾಖಲಿಸಿದ ಒಂದು ಕಲ್ಲಿನ ಮೇಲೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಆ ಶಾಸನ ಸುಮಾರು ಕ್ರಿ.ಶ. 890ರದು. ಅದರಲ್ಲಿರುವುದು ಕೆಲವೇ ಸಾಲು. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣನೂ ಅವನ ಮನೆಯ ಆಳು ಪೆರ್ವ್ವೊಣಸೆಟ್ಟಿಯೂ ಸತ್ತರು ಎಂಬುದು ಅದರ ತಾತ್ಪರ್ಯ. ಕಾಳಗ ಏಕೆ ನಡೆಯಿತು, ಯಾರು ಗೆದ್ದರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಊರಿನ ಹೆಸರು ಬಂದಿರುವುದೂ ಇಬ್ಬರು ಎಲ್ಲಿ ಸತ್ತರು ಎಂದು ತಿಳಿಸುವುದಕ್ಕಷ್ಟೇ.

ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಇದನ್ನು ಬೆಳಕಿಗೆ ತಂದಮೇಲೆ ವೀರಬಲ್ಲಾಳ, ಅಜ್ಜಿ, ಬೆಂದಕಾಳಿನ ಕಥೆ ಇತಿಹಾಸವಾಗಿ ನಿಲ್ಲದಾಯಿತು. ಬಲ್ಲಾಳ ಹುಟ್ಟುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಈ ಹೆಸರು ಬಳಕೆಯಲ್ಲಿತ್ತು. ಆದರೂ ಬೆಂದಕಾಳಿನ ಕಥೆಯೇ ಎಲ್ಲರ ಬಾಯಲ್ಲಿ ಉಳಿದಿದೆ. ಹಸಿದ ರಾಜನಿಗೆ ಅಜ್ಜಿ ಅನ್ನವಿಟ್ಟ ಕಥೆ ಯಾರಿಗೆ ಹಿತವಲ್ಲ? ನಮ್ಮ ಊರಿನ ಹೆಸರಿನ ಮೊದಲ ಸಾಕ್ಷಿ ಒಂದು ಯುದ್ಧಸ್ಮಾರಕ ಎಂದು ಒಪ್ಪಿಕೊಳ್ಳುವುದು ಅಷ್ಟು ಹಿತವಾದ ಸಂಗತಿಯಲ್ಲ.

ವೀರಗಲ್ಲನ್ನು ಓದುವುದಕ್ಕೆ ಒಂದು ಕ್ರಮವಿದೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ತಳದಲ್ಲಿ ಹೋರಾಟ: ತುರು ಕದಿಯಲು ಬಂದವರು, ಬಿಲ್ಲು, ಕತ್ತಿ, ಬಿದ್ದ ಹೆಣಗಳು. ನಡುವೆ ಅಪ್ಸರೆಯರು ವೀರನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೂ ಈ ನೆನಪು ಇರಲಿ ಎಂಬ ಆಶಯ. ಮಣ್ಣಿನಲ್ಲಿ ಬಿದ್ದವನು ಮೂರು ಮೆಟ್ಟಿಲಲ್ಲಿ ಕೈಲಾಸ ಸೇರುತ್ತಾನೆ. ಓದು ಬರಹ ಬಾರದವನಿಗೂ ಇದು ಅರ್ಥವಾಗುತ್ತದೆ. ಶಿಲ್ಪಿ ದೊಡ್ಡ ಕಲೆಗಾರನಾಗಿರಬೇಕೆಂದೂ ಇಲ್ಲ. ಎಷ್ಟೋ ಹಳ್ಳಿಯ ಕಲ್ಲುಗಳಲ್ಲಿ ವೀರನ ಕೈಕಾಲು ಅಳತೆ ತಪ್ಪಿವೆ, ಆದರೂ ಕಥೆ ತಪ್ಪುವುದಿಲ್ಲ.

ಬೇಗೂರಿನದೇ ಇನ್ನೊಂದು ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಮೂರು ಪಟ್ಟಿಕೆಯ ಶಿಸ್ತಿಗೆ ಸಿಗುವುದಿಲ್ಲ. ಆನೆ, ಕುದುರೆ, ಕಾಲಾಳುಗಳ ಒಂದೇ ದೊಡ್ಡ ನೂಕುನುಗ್ಗಲು. ನಾನು ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ಮೊದಲು ವೀರನನ್ನು ಹುಡುಕಬೇಕಾಗುತ್ತದೆ. ಯುದ್ಧದ ನಡುವೆ ಒಬ್ಬ ಮನುಷ್ಯ ಹೀಗೇ ಕಳೆದುಹೋಗುತ್ತಾನೆ ಎಂದು ಶಿಲ್ಪಿಗೆ ಗೊತ್ತಿತ್ತೇನೋ ಅನ್ನಿಸುತ್ತದೆ. ಅಲ್ಲಿರುವ ಶಾಸನದಲ್ಲಿ ಮತ್ತೆ ನಾಗತ್ತರನ ಹೆಸರು ಬರುತ್ತದೆ. ಅಯ್ಯಪದೇವನಿಗೂ ವೀರಮಹೇಂದ್ರನಿಗೂ ನಡೆದ ಯುದ್ಧದಲ್ಲಿ, ತುಂಬೆಪಾಡಿ ಎಂಬಲ್ಲಿ, ನಾಗತ್ತರ ಹೋರಾಡಿ ಸತ್ತ. ಸುದ್ದಿ ಕೇಳಿದ ಗಂಗರ ದೊರೆ ಎರೆಯಪ್ಪ, ನಾಗತ್ತರ ಎಂಬ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ. ಬೆಂಪೂರು ಎಂದರೆ ಇಂದಿನ ಬೇಗೂರು. ಒಂದೇ ಮನೆತನದ ಮೇಲೆ ಬಿದ್ದ ಸಾವುಗಳಿಗೆ ಒಂದು ಕಲ್ಲು ಊರಲ್ಲಿದೆ, ಇನ್ನೊಂದು ನಗರದ ಗ್ಯಾಲರಿಯಲ್ಲಿ.

ಕಲ್ನಾಡು ಎಂಬ ಈ ಮಾತು ನನಗೆ ಮುಖ್ಯ. ವೀರಗಲ್ಲಿನ ಹಿಂದೆ ಬಹಳ ಸಲ ಜಮೀನು ಇರುತ್ತದೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ, ಬಾಳ್ಗಳ್ಚು ಎಂಬ ಹೆಸರುಗಳೂ ಇದ್ದವು. ನೆತ್ತರಿಗಾಗಿ ಕೊಟ್ಟದ್ದು, ಕತ್ತಿ ತೊಳೆದದ್ದು. ಮಾತುಗಳಲ್ಲೇ ಮುಚ್ಚುಮರೆ ಇಲ್ಲ. ಸ್ಮಾರಕವೆಂದರೆ ಕಣ್ಣೀರಿನ ಜೊತೆಗೆ ಹೊಲದ ಎಲ್ಲೆ, ಮಕ್ಕಳ ಅನ್ನ. ಸತ್ತವನ ಋಣವನ್ನು ಹೀಗೆ ಲೆಕ್ಕ ಹಾಕಿ ತೀರಿಸಿದ ಪದ್ಧತಿಯನ್ನು ಮೆಚ್ಚಬಹುದು. ಆದರೆ ಅದೇ ಭೂಮಿ ಮುಂದಿನ ತಲೆಮಾರಿನ ಹುಡುಗರಿಗೆ ಸಾಯಲು ಸಿದ್ಧರಾಗಿ ಎಂದು ಹೇಳುವ ಉಪಾಯವೂ ಆಗಿತ್ತು. ವೀರಗಲ್ಲಿನ ಪಕ್ಕದಲ್ಲೇ ಎಷ್ಟೋ ಊರುಗಳಲ್ಲಿ ಮಾಸ್ತಿಕಲ್ಲು ಇರುತ್ತದೆ. ಮೇಲೆತ್ತಿದ ತೋಳು, ಬಳೆ ತೊಟ್ಟ ಕೈ. ಆ ಕೈಯನ್ನು ನೋಡಿದ ಮೇಲೆ ಈ ಪರಂಪರೆಯನ್ನು ಬರೀ ಹೆಮ್ಮೆಯಿಂದ ವರ್ಣಿಸಲು ನನಗಂತೂ ಸಾಧ್ಯವಿಲ್ಲ.

ನಾಯಿಯ ನೆನಪಿಗೂ ಕಲ್ಲು ನಿಲ್ಲಿಸಿದ ನಾಡು ಇದು. ಆತಕೂರಿನ ಪ್ರಸಿದ್ಧ ಶಾಸನವೂ ಇದೇ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ರಾಜಾದಿತ್ಯ ಮಡಿದ ತಕ್ಕೋಲದ ಯುದ್ಧದ ಸುದ್ದಿ ಅದರಲ್ಲಿದೆ. ಜೊತೆಗೇ, ಮಣಲೆರನ ಕಾಳಿ ಎಂಬ ನಾಯಿ ಹಂದಿಯೊಂದಿಗೆ ಸೆಣಸಿ ಎರಡೂ ಸತ್ತ ಕಥೆಯಿದೆ. ಹತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದ ರಾಜಕೀಯವನ್ನೇ ಅಲುಗಾಡಿಸಿದ ಯುದ್ಧವೂ ನಾಯಿಯೊಂದರ ಸಾವೂ ಒಂದೇ ಕಲ್ಲಿನಲ್ಲಿ ಜಾಗ ಹಂಚಿಕೊಂಡಿವೆ.

ಇದಕ್ಕೆ ಎದುರಾಗಿ ಬೆಂಗಳೂರು ಕಂಡ ಇನ್ನೊಂದು ಸ್ಮಾರಕವನ್ನು ನೋಡೋಣ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಸೇನೆ ಪೇಟೆಯನ್ನು ಹಿಡಿಯಿತು. ಮಾರ್ಚ್ 21ರ ರಾತ್ರಿ ಕೋಟೆಯನ್ನು. ಕೋಟೆಯ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಪೇಟೆಯ ಕಾಳಗದಲ್ಲಿ ಕಂಪನಿಯ ಕಡೆಯ ಕರ್ನಲ್ ಮೂರ್‌ಹೌಸ್ ಸತ್ತ. ಆ ಮುತ್ತಿಗೆಯಲ್ಲಿ ಮಡಿದ ಇಂಗ್ಲಿಷರ ನೆನಪಿಗೆ ಮುಂದೆ ಈಗಿನ ಹಡ್ಸನ್ ವೃತ್ತದ ಬಳಿ ಒಂದು ಸೆನೋಟಾಫ್ ಎದ್ದಿತು. ಮೇಲೆ ಹೋದಂತೆ ಕಿರಿದಾಗುವ ಎತ್ತರದ ಕಂಬ. ಗ್ರೀಕ್ ಮೂಲದ ಆ ಮಾತಿನ ಅರ್ಥ ಬರಿದಾದ ಗೋರಿ. ಅದರ ಪಕ್ಕದ ರಸ್ತೆಗೂ ಸೆನೋಟಾಫ್ ರಸ್ತೆ ಎಂದೇ ಹೆಸರಾಯಿತು.

ವೀರಗಲ್ಲಿಗೂ ಈ ಕಂಬಕ್ಕೂ ಇರುವ ವ್ಯತ್ಯಾಸ ಆಕಾರದಲ್ಲಷ್ಟೇ ಇಲ್ಲ. ವೀರಗಲ್ಲಿನಲ್ಲಿ ಸತ್ತವನ ಮೈಯಿದೆ, ಅವನ ಆಯುಧವಿದೆ, ಎದುರಾಳಿಯೂ ಇದ್ದಾನೆ. ಕಂಬದಲ್ಲಿ ಮನುಷ್ಯನ ರೂಪವೇ ಇಲ್ಲ. ವೀರಗಲ್ಲು ಸತ್ತವನ ಊರಿನಲ್ಲಿ, ಅವನ ಮೊಮ್ಮಕ್ಕಳು ಎಣ್ಣೆ ಸವರುವ ಜಾಗದಲ್ಲಿ ನಿಲ್ಲುತ್ತದೆ. ಈ ಕಂಬ ನಿಂತದ್ದು ಸೋತವರ ಊರಿನಲ್ಲಿ. ಸತ್ತವರ ಬಂಧುಗಳು ಕಡಲಾಚೆ ಇದ್ದರು.

ಸ್ವಾತಂತ್ರ್ಯ ಬಂದ ಮೇಲೆ ಅದು ಅಲ್ಲಿ ಏಕಿರಬೇಕು ಎಂಬ ಪ್ರಶ್ನೆ ಎದ್ದದ್ದು ಸಹಜವೇ. 1964ರ ಅಕ್ಟೋಬರ್‌ನಲ್ಲಿ ನಗರಪಾಲಿಕೆ ಅದನ್ನು ಕೆಡವಿತು. ರಸ್ತೆ ನೃಪತುಂಗ ರಸ್ತೆಯಾಯಿತು. ಪಾಲಿಕೆಯ ಕಚೇರಿಯ ಮುಂದೆ ಇಂದು ಕೆಂಪೇಗೌಡರ ಪ್ರತಿಮೆಯಿದೆ. ನಗರವೊಂದು ತನ್ನನ್ನು ಗೆದ್ದವರ ವಿಜಯಸ್ತಂಭವನ್ನು ಹೊತ್ತುಕೊಂಡೇ ಇರಬೇಕೆಂದು ಯಾರೂ ಹೇಳಲಾರರು.

ಆದರೆ ನನ್ನನ್ನು ಕಾಡುವುದು ಬೇರೆ. ಕಂಬ ಹೋಯಿತು, ಅಂದು ಕೋಟೆಯೊಳಗೆ ಸತ್ತವರಿಗೆ ಒಂದು ಕಲ್ಲು ಬಂತೇ? ಕೃಷ್ಣರಾಜೇಂದ್ರ ಮಾರುಕಟ್ಟೆಯ ಪಕ್ಕದಲ್ಲಿ ಉಳಿದಿರುವ ಕೋಟೆಯ ಗೋಡೆಯಲ್ಲಿ ಇಂದಿಗೂ ಒಂದು ಫಲಕವಿದೆ. ಬ್ರಿಟಿಷರು ಒಳನುಗ್ಗಿದ ಬಿರುಕು ಇದೇ ಎಂದು ಅದು ಇಂಗ್ಲಿಷಿನಲ್ಲಿ ತಾರೀಖಿನೊಂದಿಗೆ ಹೇಳುತ್ತದೆ. ಒಳಗಿದ್ದವರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಇತ್ತ ಕಾರ್ನ್‌ವಾಲಿಸ್‌ನ ಸೇನೆಯಲ್ಲೂ ಹೆಚ್ಚಿನವರು ನಮ್ಮ ನೆಲದ ಸಿಪಾಯಿಗಳೇ. ಎರಡೂ ಕಡೆಯ ಬಹುಪಾಲು ಸಾವುಗಳು ಹೆಸರಿಲ್ಲದೆ ಹೋದವು. ಬಹಾದ್ದೂರ್ ಖಾನನೊಬ್ಬನಿಗೆ ಮಾತ್ರ ಜನರೇ ಜಾಗ ಕೊಟ್ಟರು. ಮಾರುಕಟ್ಟೆಯ ಸಮೀಪದ ದರ್ಗಾವೊಂದು ಅವನ ಸಮಾಧಿಯೆಂದು ನಂಬಿಕೆ. ಯುದ್ಧದಲ್ಲಿ ಬಿದ್ದವನು ಕೈಮುಗಿಯಬೇಕಾದ ದೈವವಾಗುವ ವೀರಗಲ್ಲಿನ ದಾರಿಯೇ ಇಲ್ಲಿಯೂ ಕಾಣುತ್ತದೆ. ಸರ್ಕಾರ ಕೆತ್ತಿಸದ ಸ್ಮಾರಕವನ್ನು ಹರಕೆ, ಊದುಬತ್ತಿಗಳು ಉಳಿಸಿಕೊಂಡಿವೆ.

ಸ್ಮಾರಕ ಕೆಡವುವುದು ಒಂದು ದಿನದ ಕೆಲಸ. ಮರೆತವರ ಹೆಸರು ಹುಡುಕುವುದು ತಲೆಮಾರುಗಳ ಕೆಲಸ. ಎರಡನೆಯದು ಈಚೆಗೆ ಶುರುವಾಗಿದೆ ಎಂಬುದು ಸಮಾಧಾನ. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ ಕಲ್ಲು. ರಾಷ್ಟ್ರಕೂಟರ ದಾಳಿಯನ್ನು ಎದುರಿಸಿ ಸತ್ತ ಕಿತ್ತಯ್ಯ ಎಂಬವನದು. ಆಸಕ್ತ ನಾಗರಿಕರು ಸೇರಿ ಆ ಕಲ್ಲಿಗೆ ಮಂಟಪ ಕಟ್ಟಿಸಿದರು. ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ನಡೆಸಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರಗಳು ಪರದೆಯ ಮೇಲೆ ಓದಲು ಸಿಗುತ್ತಿವೆ. ರಸ್ತೆ ಅಗಲಿಸುವಾಗ, ಪಾಯ ತೋಡುವಾಗ ಕಲ್ಲು ಸಿಕ್ಕರೆ ಅದನ್ನು ಚರಂಡಿಗೆ ಹಾಸುವ ಮೊದಲು ಯಾರಾದರೂ ಒಬ್ಬರು ನಿಲ್ಲಿ ಎನ್ನುವುದಕ್ಕೆ ಇಂಥ ಕೆಲಸವೇ ಕಾರಣವಾಗುತ್ತದೆ.

ನಗರದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಈಗ 75 ಅಡಿಯ ಏಕಶಿಲೆಯೊಂದು ನಿಂತಿದೆ. ಅದಕ್ಕೆ ವೀರಗಲ್ಲು ಎಂದೇ ಹೆಸರು. ಸ್ವಾತಂತ್ರ್ಯಾನಂತರ ಪ್ರಾಣ ಕೊಟ್ಟ ಸೈನಿಕರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೊರೆಯಲಾಗಿದೆ. ಕಂಬದ ಎತ್ತರ ಪಶ್ಚಿಮದ ಸ್ಮಾರಕಗಳನ್ನು ನೆನಪಿಸಿದರೂ ಹೆಸರು ನಮ್ಮ ಹಳ್ಳಿಗಳದ್ದು. ಎರಡು ಪರಂಪರೆಗಳೂ ಅಲ್ಲಿ ಕೂಡಿವೆ.

ಅದನ್ನು ನೋಡಿದವರು ಒಮ್ಮೆ ಬೇಗೂರಿಗೂ ಹೋಗಬೇಕು ಎಂದು ನನ್ನ ಆಸೆ. ಅಲ್ಲಿಯ ಕಲ್ಲು ಚಿಕ್ಕದು. ಅದರಲ್ಲಿರುವ ಇಬ್ಬರಲ್ಲಿ ಒಬ್ಬ ಒಡೆಯನ ಮಗ, ಇನ್ನೊಬ್ಬ ಅವನ ಮನೆಯ ಆಳು. ಒಂದು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಆಳಿನ ಹೆಸರನ್ನೂ ಬಿಡದೆ ಬರೆಸಿದರು. ಪೆರ್ವ್ವೊಣಸೆಟ್ಟಿಗೆ ಸಿಕ್ಕ ಆ ಅರ್ಧ ಸಾಲು 1791ರ ಸಾವಿರಾರು ಜನರಿಗೆ ಇನ್ನೂ ಸಿಕ್ಕಿಲ್ಲ.