ಗಡಿ ದಾಟಿದ ಹಲ್ಲುನೋವು



ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಹಲ್ಲೂ ಹಾಳಾಗಿ, ಅದನ್ನು ಸರಿಪಡಿಸಲು ಕೈಯಲ್ಲಿ ಸಾಕಷ್ಟು ಕಾಸೂ ಇಲ್ಲದಿದ್ದರೆ? ಆಗ ಕೆಲವರು ದೇಶದ ಗಡಿಯನ್ನೇ ದಾಟುತ್ತಾರೆ. ಒಂದು ಕ್ಯಾಪ್ ಹಾಕಿಸಿಕೊಳ್ಳಲು ಪರದೇಶವೇ ಎಂದು ನಗಬೇಡಿ. ಅದರ ಹಿಂದೆ ದೊಡ್ಡ ಕಥೆಯಿದೆ.

ಕಣ್ಣು, ಕಿವಿ, ಮೂಗಿನ ವೈದ್ಯರೆಲ್ಲ ಮೊದಲು ಎಂ.ಬಿ.ಬಿ.ಎಸ್. ಓದುತ್ತಾರೆ. ಹಲ್ಲಿನ ವೈದ್ಯರ ಓದು ಮಾತ್ರ ಬೇರೆ. ಈ ಪಾಲು ಹಳೆಯದು. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹಲ್ಲಿನ ಚಿಕಿತ್ಸೆಗೆಂದೇ ಪ್ರತ್ಯೇಕ ಕಾಲೇಜು ಶುರುವಾಯಿತು. ಓದು ಬೇರೆಯಾಯಿತು, ದವಾಖಾನೆ ಬೇರೆಯಾಯಿತು, ಮುಂದೆ ಸರ್ಕಾರದ ಲೆಕ್ಕವೂ ಬೇರೆಯಾಯಿತು.

ಬ್ರಿಟನ್ನನ್ನೇ ನೋಡಿ. 1948ರಲ್ಲಿ ಆರಂಭವಾದ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಹಲ್ಲಿನ ಚಿಕಿತ್ಸೆಯನ್ನೂ ಉಚಿತವಾಗಿ ಕೊಟ್ಟಿತು. ಜನ ಮುಗಿಬಿದ್ದರು. ಮೂರೇ ವರ್ಷದಲ್ಲಿ, ಅಂದರೆ 1951ರಲ್ಲಿ, ಕಟ್ಟಿಸುವ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಬಂತು. ಆ ಸೇವೆಯನ್ನು ಕಟ್ಟಿದ ಅನೈರಿನ್ ಬೆವನ್ ಇದನ್ನು ಒಪ್ಪದೆ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು.

ಅಮೆರಿಕದಲ್ಲಂತೂ ಹಲ್ಲು ಒಳಗೆ ಬರಲೇ ಇಲ್ಲ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಮೆಡಿಕೇರ್ ಕಾನೂನು 65 ದಾಟಿದವರ ಆಸ್ಪತ್ರೆ ಖರ್ಚಿಗೆ ಆಸರೆಯಾಯಿತು. ಆದರೆ ಹಲ್ಲು ತುಂಬಿಸುವುದು, ಕೀಳುವುದು, ಕಟ್ಟುವುದು ಇದಕ್ಕೆ ಸೇರದು ಎಂದು ಅದೇ ಕಾನೂನು ಹೇಳಿತು. ಅಂಗ ಕಸಿಯಂಥ ಕೆಲವು ಚಿಕಿತ್ಸೆಗಳ ಜೊತೆ ಬೇಕಾಗುವ ಹಲ್ಲಿನ ಕೆಲಸಕ್ಕೆ 2023ರಿಂದ ಹೆಚ್ಚು ಅವಕಾಶ ಸಿಕ್ಕಿದೆ. ಮಾಮೂಲಿ ಕ್ಯಾಪ್‌ಗೆ ಇಲ್ಲ.

ಅತ್ತ ಕಾನೂನು ಬಾಗಿಲು ಮುಚ್ಚಿದರೆ ಇತ್ತ ಮೆಕ್ಸಿಕೋದಲ್ಲಿ ಒಂದು ಊರೇ ಬಾಗಿಲು ತೆರೆಯಿತು. ಅಮೆರಿಕದ ಯೂಮಾ ಪಟ್ಟಣದ ಹತ್ತಿರ, ಗಡಿಗೆ ಅಂಟಿಕೊಂಡಿರುವ ಲಾಸ್ ಅಲ್ಗೊದೋನೆಸ್ ಮೊದಲು ಹೆಂಡದಂಗಡಿಗಳ ಊರು. 1969ರಲ್ಲಿ ಬರ್ನಾರ್ಡೊ ಮಗಾನ್ಯಾ ಎಂಬ ದಂತವೈದ್ಯರು ಅಲ್ಲಿಗೆ ಬಂದರು. ಇಂದು ಕೆಲವೇ ಸಾವಿರ ಜನರ ಆ ಊರಿನಲ್ಲಿ ನೂರಾರು ದಂತವೈದ್ಯರಿದ್ದಾರೆ. ಚಳಿಗಾಲದಲ್ಲಿ ಅಮೆರಿಕ, ಕೆನಡಾದ ಹಿರಿಯರು ಕಾರನ್ನು ಅಮೆರಿಕದ ಕಡೆಯೇ ನಿಲ್ಲಿಸಿ, ನಡೆದುಕೊಂಡೇ ಗಡಿ ದಾಟುತ್ತಾರೆ. ಅಲ್ಲಿ ಬಾಡಿಗೆ ಕಡಿಮೆ, ಸಂಬಳ ಕಡಿಮೆ, ಓದಿನ ಸಾಲದ ಹೊರೆಯೂ ಕಡಿಮೆ. ಹಾಗಾಗಿ ಕ್ಯಾಪ್‌ನ ಬೆಲೆಯೂ ಕಡಿಮೆ.

ಯುರೋಪಿನಲ್ಲೂ ಇದೇ ಕಥೆ. ಆಸ್ಟ್ರಿಯದವರು ಹಲ್ಲಿನ ಕೆಲಸಕ್ಕೆ ಪಕ್ಕದ ಹಂಗೇರಿಯ ಶೋಪ್ರೋನ್‌ಗೆ ಹೋಗುತ್ತಾರೆ. ಲಕ್ಸೆಂಬರ್ಗಿನ ಕೋಲ್ ಎಂಬ ತಂದೆ ಮಗಳ ಹಲ್ಲಿನ ಸಾಲು ಸರಿಪಡಿಸಲು ಜರ್ಮನಿಯ ಟ್ರಿಯರ್‌ಗೆ ಕರೆದೊಯ್ಯಬೇಕೆಂದಾಗ ವಿಮಾ ಸಂಸ್ಥೆ ಅನುಮತಿ ಕೊಡಲಿಲ್ಲ. ಅವರು ಬಿಡಲಿಲ್ಲ. 1998ರಲ್ಲಿ ಯುರೋಪಿನ ನ್ಯಾಯಾಲಯ ತಂದೆಯ ಪರವಾಗಿ ತೀರ್ಪು ಕೊಟ್ಟಿತು. ಗಡಿಯಾಚೆಗಿನ ಚಿಕಿತ್ಸೆಯ ಹಕ್ಕಿಗೆ ದಾರಿಯಾದದ್ದು ಒಬ್ಬ ಹುಡುಗಿಯ ಹಲ್ಲು!

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಮ್ಮ ದೇಶದ ಹೆಚ್ಚಿನ ಆರೋಗ್ಯ ವಿಮೆಗಳೂ ಮಾಮೂಲಿ ಹಲ್ಲಿನ ಕೆಲಸವನ್ನು ಹೊರಗಿಡುತ್ತವೆ. ಹೀಗಾಗಿ ಗಲ್ಫ್‌ನಲ್ಲಿರುವ ನಮ್ಮವರು ರಜೆಗೆ ಬಂದಾಗ ಹಲ್ಲಿನ ಕೆಲಸ ಮುಗಿಸಿಕೊಂಡು ಹೋಗುತ್ತಾರೆ. ಮುಂಬಯಿ, ದೆಹಲಿಯಲ್ಲಿರುವ ನಾವೂ ಊರಿಗೆ ಹೋದಾಗ ಮಾಡಿಸೋಣ ಎನ್ನುತ್ತೇವೆ. ಮಣಿಪಾಲದ ದಂತ ಕಾಲೇಜು ಶುರುವಾದದ್ದೂ 1965ರಲ್ಲೇ. ಊರ ಕಡೆ ಒಳ್ಳೆಯ ವೈದ್ಯರಿಗೆ ಕೊರತೆಯಿಲ್ಲ.

ಕೊರತೆ ಇರುವುದು ನಮ್ಮ ರಜೆಗೆ. ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ತೇಯಬೇಕು, ಅಚ್ಚು ತೆಗೆಯಬೇಕು, ಲ್ಯಾಬಿನಿಂದ ಬಂದ ಮೇಲೆ ಕಚ್ಚಿ ನೋಡಿ ಹೊಂದಿಸಬೇಕು. ತೇಯ್ದ ಹಲ್ಲು ಮತ್ತೆ ಬೆಳೆಯದು. ಕೆಲವೊಮ್ಮೆ ನೋವು ವಾರಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ನೀವು ಮತ್ತೆ ಇಲ್ಲಿ, ವೈದ್ಯರು ಅಲ್ಲಿ. ಉಳಿಸಿದ ಹಣ ಪ್ರಯಾಣಕ್ಕೇ ಹೋದೀತು.

ಆದ್ದರಿಂದ ಟಿಕೆಟ್ ತೆಗೆಯುವ ಮೊದಲೇ ವೈದ್ಯರಿಗೆ ಫೋನ್ ಮಾಡಿ, ಎಷ್ಟು ದಿನ ಬೇಕು, ಆಮೇಲೆ ತೊಂದರೆಯಾದರೆ ಯಾರು ನೋಡುತ್ತಾರೆ ಎಂದು ಕೇಳಿ. ಎಕ್ಸ್-ರೇ ಮತ್ತು ಚೀಟಿಗಳನ್ನು ತಪ್ಪದೆ ಕೈಯಲ್ಲಿ ತನ್ನಿ. ಕಾನೂನು ಹಲ್ಲನ್ನು ದೇಹದಿಂದ ಬೇರೆ ಮಾಡಿರಬಹುದು. ನೋವಿಗೆ ಆ ಕಾನೂನು ಗೊತ್ತಿಲ್ಲ.