ಭಾರತದ ಕಥೋಲಿಕ ಧರ್ಮಸಭೆಯಲ್ಲಿ ಆರಾಧನೆಯ ದೇಶೀಕರಣ

ಭಾರತದ ಕಥೋಲಿಕ ಧರ್ಮಸಭೆಯಲ್ಲಿ ಆರಾಧನೆಯ ದೇಶೀಕರಣ ಎಂಬುದು ಎರಡನೆಯ ವ್ಯಾಟಿಕನ್ ಮಹಾಸಭೆಯ (1962–1965) ತರುವಾಯ ಭಾರತದ ಲ್ಯಾಟಿನ್ ವಿಧಿಯ ಕಥೋಲಿಕ ಸಭೆಗಳಲ್ಲಿ ನಡೆದ ಬದಲಾವಣೆಯ ಪ್ರಕ್ರಿಯೆಯಾಗಿದೆ. ಬಲಿಪೂಜೆಯ ಭಾಷೆ, ಭಂಗಿ, ಉಡುಪು, ಸಂಗೀತ ಮತ್ತು ಸಂಕೇತಗಳನ್ನು ಈ ನೆಲದ ಸಂಪ್ರದಾಯಗಳಿಗೆ ಹೊಂದಿಸಿಕೊಳ್ಳುವುದು ಇದರ ಉದ್ದೇಶವಾಗಿತ್ತು. ಧರ್ಮಾಧ್ಯಕ್ಷರು, ಗುರುಗಳು, ಧರ್ಮಭಗಿನಿಯರು ಹಾಗೂ ಶ್ರೀಸಾಮಾನ್ಯ ಮುಖಂಡರನ್ನು ಈ ಬದಲಾವಣೆಗೆ ಅಣಿಗೊಳಿಸುವ ಕಾರ್ಯದಲ್ಲಿ ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮಬೋಧನಾ ಮತ್ತು ಆರಾಧನಾ ಕೇಂದ್ರವು ಪ್ರಮುಖ ಪಾತ್ರ ವಹಿಸಿತು. ಈ ಪ್ರಯತ್ನಕ್ಕೆ ಉತ್ಸಾಹದ ಬೆಂಬಲವೂ ತೀವ್ರ ವಿರೋಧವೂ ಒಟ್ಟಿಗೇ ದೊರೆತವು.

ಕೇರಳ ಮೂಲದ ಸಿರೋ-ಮಲಬಾರ್ ಮತ್ತು ಸಿರೋ-ಮಲಂಕರ ಸಭೆಗಳು ಕಥೋಲಿಕ ಒಕ್ಕೂಟದೊಳಗಿದ್ದರೂ ತಮ್ಮದೇ ಆದ ಸಿರಿಯಾಕ್ ಪರಂಪರೆಯ ಪೂಜಾವಿಧಿಯನ್ನು ಹೊಂದಿವೆ. ಅವುಗಳ ಸುಧಾರಣೆಯ ಇತಿಹಾಸ ಬೇರೆಯಾಗಿದ್ದು, ಈ ಲೇಖನದ ವ್ಯಾಪ್ತಿಗೆ ಸೇರುವುದಿಲ್ಲ.

ಹಿನ್ನೆಲೆ

ಕ್ರೈಸ್ತಧರ್ಮವನ್ನು ಭಾರತೀಯ ರೂಪದಲ್ಲಿ ಆಚರಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದಲ್ಲಿ ಆರಂಭವಾದುದಲ್ಲ. ಇಟಲಿಯ ಯೇಸುಸಭೆಯ ಗುರು ರಾಬರ್ಟೊ ದೆ ನೊಬಿಲಿ (1577–1656) 1606ರಲ್ಲಿ ಮದುರೆಗೆ ಬಂದು ತಮಿಳು, ಸಂಸ್ಕೃತಗಳನ್ನು ಕಲಿತು, ಕಾವಿಯುಟ್ಟು ಸಂನ್ಯಾಸಿಯಂತೆ ಬಾಳಿದನು. ಜುಟ್ಟು, ಯಜ್ಞೋಪವೀತ, ಗಂಧಗಳು ಸಾಮಾಜಿಕ ಚಿಹ್ನೆಗಳೇ ಹೊರತು ಧಾರ್ಮಿಕ ಚಿಹ್ನೆಗಳಲ್ಲ ಎಂಬುದು ಅವನ ವಾದವಾಗಿತ್ತು. ಪೋಪ್ ಹದಿನೈದನೆಯ ಗ್ರೆಗರಿ 1623ರಲ್ಲಿ ಇವುಗಳಿಗೆ ಷರತ್ತಿನ ಮೇಲೆ ಅನುಮತಿ ನೀಡಿದರು. ಆದರೆ ಮುಂದೆ ‘ಮಲಬಾರ್ ವಿಧಿಗಳ ವಿವಾದ’ವೆಂದು ಹೆಸರಾದ ಜಗಳ ಬೆಳೆದು, 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಅಂತಹ ಆಚರಣೆಗಳಲ್ಲಿ ಹಲವನ್ನು ನಿಷೇಧಿಸಿದರು. ನಿಷೇಧವನ್ನು ಪಾಲಿಸುವುದಾಗಿ ಮಿಷನರಿಗಳು ಮಾಡಬೇಕಾಗಿದ್ದ ಪ್ರಮಾಣವು ರದ್ದಾದುದು 1940ರಲ್ಲಿ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಆಶ್ರಮಗಳ ಮೂಲಕ ಹೊಸ ಪ್ರಯೋಗಗಳು ನಡೆದವು. 1950ರಲ್ಲಿ ಜೂಲ್ ಮೊನ್ಶಾನಾ ಮತ್ತು ಅಭಿಷಿಕ್ತಾನಂದರೆಂದು ಪ್ರಸಿದ್ಧರಾದ ಆನ್ರಿ ಲ ಸೊ ಎಂಬ ಫ್ರೆಂಚ್ ಗುರುಗಳು ತಮಿಳುನಾಡಿನ ಕುಳಿತಲೈ ಬಳಿ ಕಾವೇರಿಯ ದಂಡೆಯಲ್ಲಿ ಸಚ್ಚಿದಾನಂದ ಆಶ್ರಮವನ್ನು (ಶಾಂತಿವನಂ) ಸ್ಥಾಪಿಸಿದರು. ಕರ್ನಾಟಕದಲ್ಲಿ ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಲಿಂಗಾಯತ ವಿರಕ್ತಮಠದ ಮಾದರಿಯನ್ನು ಅನುಸರಿಸಿ ಒಂದು ಮಠವನ್ನು ನಡೆಸಿದರು. ಇವೆಲ್ಲ ಕೆಲವೇ ವ್ಯಕ್ತಿಗಳ ಸಾಧನೆಗಳಾಗಿದ್ದು, ಸಾಮಾನ್ಯ ಧರ್ಮಕೇಂದ್ರಗಳ ಭಾನುವಾರದ ಪೂಜೆಯನ್ನು ಮುಟ್ಟಿರಲಿಲ್ಲ. ಅಲ್ಲಿ 1570ರ ಪೂಜಾಗ್ರಂಥದ ಪರಂಪರೆಯಂತೆ ಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಗುರುಗಳು ಪೀಠದ ಕಡೆಗೆ ಮುಖಮಾಡಿ ಪ್ರಾರ್ಥಿಸಿದರೆ, ಭಕ್ತರು ಹಿಂದೆ ಮೊಣಕಾಲೂರಿ ಜಪಸರ ಎಣಿಸುವುದು ವಾಡಿಕೆಯಾಗಿತ್ತು.

ವ್ಯಾಟಿಕನ್ ಮಹಾಸಭೆಯ ತೀರ್ಮಾನಗಳು

ಪೋಪ್ ಇಪ್ಪತ್ತಮೂರನೆಯ ಜಾನ್ 1959ರ ಜನವರಿಯಲ್ಲಿ ಘೋಷಿಸಿದ ಮಹಾಸಭೆಯು 1962ರ ಅಕ್ಟೋಬರ್ 11ರಂದು ಆರಂಭವಾಯಿತು. ಅದು ಅಂಗೀಕರಿಸಿದ ಮೊದಲ ದಸ್ತಾವೇಜುಗಳಲ್ಲಿ ಒಂದಾದ ಆರಾಧನೆಯ ಸಂವಿಧಾನವು 1963ರ ಡಿಸೆಂಬರ್ 4ರಂದು 2147 ಮತಗಳ ಬೆಂಬಲದಿಂದ ಹೊರಬಂದಿತು. ವಿರುದ್ಧ ಬಿದ್ದವು 4 ಮತಗಳು ಮಾತ್ರ. ಭಕ್ತರು ಪೂಜೆಯ ಪ್ರೇಕ್ಷಕರಾಗಿರದೆ ಅರಿವಿನಿಂದ ಪೂರ್ಣವಾಗಿ ಪಾಲ್ಗೊಳ್ಳಬೇಕು ಎಂಬುದು ಅದರ ಮೂಲತತ್ತ್ವ. ದೇಶಭಾಷೆಗಳ ಬಳಕೆಗೆ ಅವಕಾಶ ನೀಡಿದ ಈ ದಸ್ತಾವೇಜು, ವಿವಿಧ ಜನಾಂಗಗಳ ಸಂಸ್ಕೃತಿಗೆ ತಕ್ಕಂತೆ ವಿಧಿಗಳನ್ನು ಮಾರ್ಪಡಿಸುವ ದಾರಿಯನ್ನೂ ತೆರೆಯಿತು. 1965ರ ಅಕ್ಟೋಬರ್ 28ರಂದು ಹೊರಬಂದ, ಇತರ ಧರ್ಮಗಳ ಕುರಿತ ಘೋಷಣೆಯು ಹಿಂದೂ ಮತ್ತು ಬೌದ್ಧ ಪರಂಪರೆಗಳನ್ನು ಗೌರವದಿಂದ ಉಲ್ಲೇಖಿಸಿತು.

ತೀರ್ಮಾನಗಳು ರೋಮಿನಲ್ಲಿ ಆದವಾದರೂ ಅವನ್ನು ಜಾರಿಗೆ ತರಬೇಕಾದವರು ಊರೂರಿನ ಗುರುಗಳಾಗಿದ್ದರು. ಹಳೆಯ ವಿಧಿಯಲ್ಲಿ ತರಬೇತಿ ಪಡೆದ ಅವರಿಗೆ ಹೊಸದನ್ನು ಕಲಿಯುವ ಮತ್ತು ಕಲಿಸುವ ಹೊಣೆ ಏಕಕಾಲಕ್ಕೆ ಬಂದಿತು. ತಲೆಮಾರುಗಳಿಂದ ಪವಿತ್ರವೆಂದು ನಂಬಿಕೊಂಡು ಬಂದ ರೂಢಿಯೊಂದನ್ನು ಬಿಡುವುದು ಭಕ್ತರಿಗೂ ಸುಲಭವಾಗಿರಲಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಕೇಂದ್ರ

ಈ ಅಗತ್ಯವನ್ನು ಮನಗಂಡ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕೇಂದ್ರವನ್ನು ಆರಂಭಿಸಿತು. ಅದರ ಸ್ಥಾಪಕ ನಿರ್ದೇಶಕರು ತಮಿಳುನಾಡು ಮೂಲದ, ಪ್ಯಾರಿಸ್ಸಿನಲ್ಲಿ ಉನ್ನತ ವ್ಯಾಸಂಗ ಮಾಡಿದ ಗುರು ಡಿ. ಎಸ್. ಅಮಲೋರ್‌ಪವದಾಸ್ (1932–1990). ಅವರ ಅಣ್ಣ ಡಿ. ಎಸ್. ಲೂರ್ದುಸ್ವಾಮಿಯವರು 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದು, ಮುಂದೆ 1985ರಲ್ಲಿ ಕಾರ್ಡಿನಲ್ ಪದವಿಗೇರಿದರು.

ಕೇಂದ್ರವು ಬೈಬಲ್ ಅಧ್ಯಯನ, ಧರ್ಮಬೋಧನೆ ಮತ್ತು ಆರಾಧನೆಗಳನ್ನು ಒಂದೇ ಕಾರ್ಯದ ಮೂರು ಮುಖಗಳೆಂದು ಪರಿಗಣಿಸಿತು. ಪೂಜೆಯ ಬಾಹ್ಯರೂಪ ಮಾತ್ರ ಬದಲಾಗಿ, ಅದನ್ನು ಅರ್ಥಮಾಡಿಕೊಳ್ಳುವ ತಿಳಿವಳಿಕೆ ಹಿಂದೆ ಉಳಿದರೆ ಸುಧಾರಣೆ ನಿಲ್ಲದೆಂಬುದು ಇದರ ಹಿಂದಿನ ವಿಚಾರ. ಕೇಂದ್ರದ ಪ್ರಾರ್ಥನಾ ಮಂದಿರವನ್ನು ದೇವಾಲಯ ವಾಸ್ತುವಿನ ಅಂಶಗಳೊಂದಿಗೆ ನಿರ್ಮಿಸಲಾಯಿತು. ಅದರ ಕಲಾಕೃತಿಗಳ ರಚನೆಯಲ್ಲಿ ಕಲಾವಿದ ಜ್ಯೋತಿ ಸಾಹಿಯವರು ಭಾಗವಹಿಸಿದರು.

1969ರ ಮೇ 15ರಿಂದ 25ರವರೆಗೆ ‘ಇಂದಿನ ಭಾರತದಲ್ಲಿ ಧರ್ಮಸಭೆ’ ಎಂಬ ವಿಷಯದ ಮೇಲೆ ಬೆಂಗಳೂರಿನಲ್ಲಿ ಅಖಿಲ ಭಾರತ ವಿಚಾರಸಂಕಿರಣ ಜರುಗಿತು. ಧರ್ಮಾಧ್ಯಕ್ಷರು, ಗುರುಗಳು, ಧರ್ಮಭಗಿನಿಯರು ಮತ್ತು ಶ್ರೀಸಾಮಾನ್ಯರು ಒಂದೇ ವೇದಿಕೆಯಲ್ಲಿ ಕುಳಿತು ಚರ್ಚಿಸಿದ್ದು ಇದರ ವೈಶಿಷ್ಟ್ಯ. ಆಜ್ಞೆ ಮೇಲಿನಿಂದ ಇಳಿದು ಬರುವ ವ್ಯವಸ್ಥೆಗೆ ಒಗ್ಗಿಹೋಗಿದ್ದ ಸಭೆಗೆ ಈ ಬಗೆಯ ಸಮಾಲೋಚನೆಯೇ ಒಂದು ದೊಡ್ಡ ಬದಲಾವಣೆಯಾಗಿತ್ತು.

ಹನ್ನೆರಡು ಅಂಶಗಳು

ಭಾರತದ ಧರ್ಮಾಧ್ಯಕ್ಷರ ಮಂಡಳಿ ಸಲ್ಲಿಸಿದ ಹನ್ನೆರಡು ಮಾರ್ಪಾಡುಗಳಿಗೆ ರೋಮ್ 1969ರ ಏಪ್ರಿಲ್ 25ರಂದು ಒಪ್ಪಿಗೆ ನೀಡಿತು. ಅವುಗಳ ಸಾರ ಹೀಗಿದೆ:

1. ನೆಲದ ಮೇಲೆ ಕುಳಿತು, ಪಾದರಕ್ಷೆ ಕಳಚಿ ಪೂಜೆಯಲ್ಲಿ ಭಾಗವಹಿಸುವುದು.
2. ಮೊಣಕಾಲೂರುವುದಕ್ಕೆ ಬದಲಾಗಿ ಕೈಮುಗಿದು ಬಾಗಿ ನಮಿಸುವುದು (ಅಂಜಲಿಹಸ್ತ).
3. ಪಶ್ಚಾತ್ತಾಪ ವಿಧಿಯ ಭಾಗವಾಗಿ ಪಂಚಾಂಗ ಪ್ರಣಾಮ.
4. ಪೂಜ್ಯವಸ್ತುಗಳಿಗೆ ಮುತ್ತಿಡುವ ಬದಲು ಕೈಯಿಂದ ಮುಟ್ಟಿ ಕಣ್ಣಿಗೊ ಹಣೆಗೊ ಒತ್ತಿಕೊಳ್ಳುವುದು.
5. ಶಾಂತಿಯ ವಂದನೆಯನ್ನು ಕೈಮುಗಿದು ಅಥವಾ ಕೈಯಲ್ಲಿ ಕೈಯಿರಿಸಿ ವಿನಿಮಯ ಮಾಡಿಕೊಳ್ಳುವುದು.
6. ಧೂಪದ ಹೆಚ್ಚಿನ ಬಳಕೆ. ಸರಪಳಿಯ ಧೂಪಪಾತ್ರೆಯ ಬದಲು ಹಿಡಿಯುಳ್ಳ ಪಾತ್ರೆ.
7. ಗುರುಗಳ ಪೂಜಾವಸ್ತ್ರವನ್ನು ಸರಳಗೊಳಿಸಿ ನಿಲುವಂಗಿ ಮತ್ತು ಅಂಗವಸ್ತ್ರದ ಮಾದರಿಗೆ ತರುವುದು.
8. ಪೀಠದ ಮೇಲಿನ ಪೂಜಾವಸ್ತ್ರದ ಸ್ಥಾನದಲ್ಲಿ ತಟ್ಟೆಯನ್ನು ಬಳಸುವುದು.
9. ಮೇಣದಬತ್ತಿಗೆ ಬದಲಾಗಿ ಎಣ್ಣೆಯ ದೀಪ.
10. ಪೂಜೆಯ ಆರಂಭದಲ್ಲಿ ಆರತಿ ಎತ್ತಿ ಗುರುಗಳನ್ನು ಸ್ವಾಗತಿಸುವುದು, ಕಾಣಿಕೆಗಳನ್ನು ಅರ್ಪಿಸುವುದು, ದೀಪ ಬೆಳಗುವುದು.
11. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಸ್ವಯಂಸ್ಫೂರ್ತಿಗೆ ಅವಕಾಶ.
12. ಕಾಣಿಕೆಯ ಸಮಯದಲ್ಲಿ ಹಾಗೂ ಸ್ತುತಿ ಪ್ರಾರ್ಥನೆಯ ಕೊನೆಯಲ್ಲಿ ಪುಷ್ಪ, ಧೂಪ, ದೀಪಗಳ ಆರತಿ.

ಇವು ಕಡ್ಡಾಯವಾಗಿರಲಿಲ್ಲ. ಎಲ್ಲವನ್ನೂ ಸ್ವೀಕರಿಸುವುದೊ, ಕೆಲವನ್ನು ಮಾತ್ರವೊ ಎಂಬುದನ್ನು ಆಯಾ ಪ್ರದೇಶದ ಧರ್ಮಾಧ್ಯಕ್ಷರ ವಿವೇಚನೆಗೆ ಬಿಡಲಾಗಿತ್ತು. ಪರಿಣಾಮವಾಗಿ ಒಂದು ಊರಿನಲ್ಲಿ ದೀಪ, ಆರತಿಗಳು ನೆಲೆಗೊಂಡರೆ ನೆರೆಯ ಊರಿನಲ್ಲಿ ಹಳೆಯ ಕ್ರಮವೇ ಮುಂದುವರಿಯಿತು.

ಸಭೆಗಳನ್ನು ಸಿದ್ಧಪಡಿಸಿದ ಬಗೆ

ಬದಲಾವಣೆಗೆ ಮುನ್ನ ಬೋಧನೆ ಎಂಬುದು ಕೇಂದ್ರದ ಮುಖ್ಯ ಸೂತ್ರವಾಗಿತ್ತು. ಅದರ ಕಾರ್ಯವಿಧಾನವನ್ನು ನಾಲ್ಕು ನೆಲೆಗಳಲ್ಲಿ ಗುರುತಿಸಬಹುದು.

ಮೊದಲನೆಯದು ನಾಯಕರ ತರಬೇತಿ. ದೇಶದ ನಾನಾ ಧರ್ಮಪ್ರಾಂತ್ಯಗಳಿಂದ ಬಂದವರಿಗೆ ಬೆಂಗಳೂರಿನಲ್ಲಿ ಶಿಬಿರಗಳನ್ನು ನಡೆಸಲಾಯಿತು. ಅವರು ತಮ್ಮ ಊರುಗಳಿಗೆ ಮರಳಿ ಇತರರಿಗೆ ಕಲಿಸಬೇಕಾಗಿತ್ತು. ಎರಡನೆಯದು ಸಾಹಿತ್ಯ. ಕೇಂದ್ರವು ಇಂಗ್ಲಿಷಿನಲ್ಲಿ ‘ವರ್ಡ್ ಅಂಡ್ ವರ್ಶಿಪ್’ ಎಂಬ ನಿಯತಕಾಲಿಕವನ್ನೂ ಧರ್ಮಬೋಧನೆಯ ಪಠ್ಯಗಳನ್ನೂ ಹೊರತಂದಿತು. ಮೂರನೆಯದು ಕಲೆ. ಭಜನೆ, ಶಾಸ್ತ್ರೀಯ ನೃತ್ಯ, ಚಿತ್ರಕಲೆಗಳನ್ನು ಆರಾಧನೆಯ ಅಂಗವಾಗಿ ಬಳಸುವುದನ್ನು ಅಲ್ಲಿ ಪ್ರಯೋಗಿಸಿ ತೋರಿಸಲಾಯಿತು. ನಾಲ್ಕನೆಯದು ಧ್ಯಾನ. ಬಾಹ್ಯ ಆಚರಣೆಗಳಿಗಿಂತ ಭಾರತೀಯ ಆಧ್ಯಾತ್ಮಿಕ ದೃಷ್ಟಿಯೇ ಮುಖ್ಯವೆಂದು ಅಮಲೋರ್‌ಪವದಾಸ್ ಕ್ರಮೇಣ ಒತ್ತಿಹೇಳತೊಡಗಿದರು. ಮುಂದೆ ಅವರು ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿ, ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗದ ಮುಖ್ಯಸ್ಥರಾದರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಅವರು ನಿಧನರಾದರು.

1975ರ ತಡೆ

ಹನ್ನೆರಡು ಅಂಶಗಳನ್ನು ಪ್ರಕ್ರಿಯೆಯ ಮೊದಲ ಹಂತವೆಂದು ಭಾವಿಸಲಾಗಿತ್ತು. ಮುಂದಿನ ಹಂತದಲ್ಲಿ ಭಾರತೀಯ ನುಡಿಗಟ್ಟಿನ ಹೊಸ ಮಹಾಸ್ತುತಿ ಪ್ರಾರ್ಥನೆಯೊಂದನ್ನು ರಚಿಸಲಾಯಿತು. ಉಪನಿಷತ್ತು ಮೊದಲಾದ ಇತರ ಧರ್ಮಗ್ರಂಥಗಳ ಆಯ್ದ ಭಾಗಗಳನ್ನು ಪೂಜೆಯಲ್ಲಿ ಪಠಿಸಬಹುದೇ ಎಂಬುದನ್ನು ಚರ್ಚಿಸಲು 1974ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಗೋಷ್ಠಿ ಏರ್ಪಟ್ಟಿತು.

1975ರಲ್ಲಿ ರೋಮಿನ ಆರಾಧನಾ ಇಲಾಖೆಯ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಜೇಮ್ಸ್ ನಾಕ್ಸ್ ಅವರು ಭಾರತದ ಮಂಡಳಿಗೆ ಪತ್ರ ಬರೆದು ಇವೆರಡನ್ನೂ ನಿಲ್ಲಿಸುವಂತೆ ಸೂಚಿಸಿದರು. ಅವರು ಹಿಂದೆ ಭಾರತದಲ್ಲಿಯೇ ವ್ಯಾಟಿಕನ್ ಪ್ರತಿನಿಧಿಯಾಗಿದ್ದವರು. ಹನ್ನೆರಡು ಅಂಶಗಳು ಹಾಗೆಯೇ ಉಳಿದವು. ಆದರೆ ಅಲ್ಲಿಂದ ಮುಂದಿನ ಹೆಜ್ಜೆಗಳು ನಿಧಾನವಾದವು.

ವಿರೋಧ ಮತ್ತು ವಿಮರ್ಶೆ

ದೇಶೀಕರಣವನ್ನು ಮೂರು ಬೇರೆ ಬೇರೆ ದಿಕ್ಕುಗಳಿಂದ ಪ್ರಶ್ನಿಸಲಾಯಿತು.

ಶ್ರೀಸಾಮಾನ್ಯ ಕಥೋಲಿಕರಲ್ಲಿ ಒಂದು ವರ್ಗವು ಇದನ್ನು ಧರ್ಮಸಭೆಯ ಹಿಂದೂಕರಣವೆಂದು ಕಂಡಿತು. ಮದರಾಸಿನ ಪತ್ರಕರ್ತ ವಿಕ್ಟರ್ ಕುಲಂದೈ ಈ ವಿರೋಧದ ಪ್ರಮುಖ ದನಿಯಾಗಿದ್ದರು. ಹಿರಿಯರು ಬಿಟ್ಟುಬಂದ ಆಚರಣೆಗಳನ್ನೇ ಈಗ ಗುರುಗಳು ಮರಳಿ ತರುತ್ತಿದ್ದಾರೆ ಎಂಬ ನೋವು ಈ ವಿರೋಧದಲ್ಲಿತ್ತು.

ಎರಡನೆಯ ವಿಮರ್ಶೆ ದಲಿತ ಕ್ರೈಸ್ತ ಚಿಂತನೆಯಿಂದ ಬಂದಿತು. ಭಾರತದ ಕ್ರೈಸ್ತರಲ್ಲಿ ದಲಿತರ ಪ್ರಮಾಣ ದೊಡ್ಡದು. ಸಂಸ್ಕೃತ ಮಂತ್ರ, ಉಪನಿಷತ್ತು, ಕಾವಿವಸ್ತ್ರಗಳನ್ನೇ ‘ಭಾರತೀಯ’ವೆಂದು ಆರಿಸಿಕೊಂಡಾಗ, ಯಾವ ಪರಂಪರೆ ತಮ್ಮನ್ನು ಗುಡಿಯ ಹೊರಗಿಟ್ಟಿತ್ತೊ ಅದೇ ಚರ್ಚಿನೊಳಗೆ ಪ್ರವೇಶಿಸಿದಂತಾಯಿತು ಎಂದು ಅವರು ಆಕ್ಷೇಪಿಸಿದರು. ತಮಟೆ, ಜನಪದ ಹಾಡು, ದುಡಿಯುವವರ ಬದುಕು ಸಹ ಭಾರತೀಯವೇ ಅಲ್ಲವೇ ಎಂಬ ಪ್ರಶ್ನೆ ಎದ್ದಿತು. ಪ್ರೊಟೆಸ್ಟೆಂಟ್ ಚಿಂತಕ ಅರವಿಂದ ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ನೀಡಿದ ಉಪನ್ಯಾಸವನ್ನು ದಲಿತ ದೇವಶಾಸ್ತ್ರದ ಆರಂಭಬಿಂದುಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ.

ಮೂರನೆಯದು ಹಿಂದೂ ಲೇಖಕರ ಆಕ್ಷೇಪ. ಸೀತಾರಾಮ್ ಗೋಯಲ್ ಮೊದಲಾದವರು ಕಥೋಲಿಕ ಆಶ್ರಮಗಳನ್ನು ಮತಾಂತರದ ಮರೆವೇಷವೆಂದು ಟೀಕಿಸಿದರು. ದೇಶೀಕರಣದ ಬೆಂಬಲಿಗರು ಇದನ್ನು ಅಲ್ಲಗಳೆದು, ತಾವು ಹುಟ್ಟಿ ಬೆಳೆದ ಸಂಸ್ಕೃತಿಯಲ್ಲಿ ಪ್ರಾರ್ಥಿಸುವುದು ಭಾರತೀಯ ಕ್ರೈಸ್ತರ ಸಹಜ ಹಕ್ಕೆಂದು ವಾದಿಸಿದರು.

ಕರ್ನಾಟಕದಲ್ಲಿ ಭಾಷೆಯ ಪ್ರಶ್ನೆ

ಲ್ಯಾಟಿನ್ ಯಾರ ಮನೆಮಾತೂ ಆಗಿರಲಿಲ್ಲ. ಆದ್ದರಿಂದ ಅದು ಎಲ್ಲರಿಗೂ ಸಮಾನ ದೂರದಲ್ಲಿತ್ತು. ದೇಶಭಾಷೆಯಲ್ಲಿ ಪೂಜೆ ಎಂದ ಕೂಡಲೇ ಯಾವ ಭಾಷೆ ಎಂಬ ಪ್ರಶ್ನೆ ತಲೆಯೆತ್ತಿತು. ಮಂಗಳೂರು ಧರ್ಮಪ್ರಾಂತ್ಯದಲ್ಲಿ ಬಹುಸಂಖ್ಯಾತರ ಭಾಷೆಯಾದ ಕೊಂಕಣಿ ಪ್ರಧಾನವಾಗಿ ನೆಲೆಗೊಂಡಿತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕನ್ನಡ ಪೂಜೆಗೆ ಬಂದಿತು. ಕನ್ನಡ, ತಮಿಳು, ಕೊಂಕಣಿ, ಮಲಯಾಳಂ ಮತ್ತು ಇಂಗ್ಲಿಷ್ ಮಾತನಾಡುವ ಭಕ್ತರು ಸೇರಿದ್ದ ಬೆಂಗಳೂರಿನಲ್ಲಿ ಮಾತ್ರ ಈ ವಿಷಯ ದೀರ್ಘಕಾಲದ ವಿವಾದವಾಯಿತು. ರಾಜ್ಯದ ಭಾಷೆಗೆ ಪೂಜೆಯಲ್ಲಿಯೂ ಆಡಳಿತದಲ್ಲಿಯೂ ಆದ್ಯತೆ ದೊರೆಯಬೇಕೆಂದು ಕನ್ನಡ ಕಥೋಲಿಕರು ಒತ್ತಾಯಿಸಿದರೆ, ಧರ್ಮಕೇಂದ್ರಗಳನ್ನು ಕಟ್ಟಿ ಬೆಳೆಸಿದ ತಮಿಳು ಕುಟುಂಬಗಳು ತಮ್ಮ ಪ್ರಾರ್ಥನೆಯ ಭಾಷೆಯನ್ನು ಬಿಡಲೊಪ್ಪಲಿಲ್ಲ. ಪ್ರತಿಭಟನೆಗಳೂ ಆರಾಧನೆಗೆ ಅಡಚಣೆಗಳೂ ನಡೆದವು. ಹಲವು ಧರ್ಮಕೇಂದ್ರಗಳು ಬೇರೆ ಬೇರೆ ವೇಳೆಯಲ್ಲಿ ಬೇರೆ ಬೇರೆ ಭಾಷೆಯ ಪೂಜೆಗಳನ್ನು ಏರ್ಪಡಿಸುವ ಮಾರ್ಗವನ್ನು ಅನುಸರಿಸಿದವು. ಇದರಿಂದ ಘರ್ಷಣೆ ತಗ್ಗಿತಾದರೂ ಒಂದೇ ಧರ್ಮಕೇಂದ್ರದ ಜನ ಪರಸ್ಪರ ಭೇಟಿಯಾಗುವ ಸಂದರ್ಭಗಳೂ ಕಡಿಮೆಯಾದವು.

ನಂತರದ ಬೆಳವಣಿಗೆಗಳು

1990ರಲ್ಲಿ ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾದ ಧರ್ಮಾಧ್ಯಕ್ಷರ ಮಂಡಳಿಗಳ ಒಕ್ಕೂಟದ ಮಹಾಧಿವೇಶನವು ಎಲ್ಲರ ಪಾಲ್ಗೊಳ್ಳುವಿಕೆಯ ಸಭೆಯೆಂಬ ಆದರ್ಶವನ್ನು ಮುಂದಿಟ್ಟಿತು. ನೆರೆಹೊರೆಯ ಕುಟುಂಬಗಳು ಮನೆಗಳಲ್ಲಿ ಸೇರಿ ಶುಭಸಂದೇಶವನ್ನು ಓದಿ ಹಂಚಿಕೊಳ್ಳುವ ಕಿರು ಕ್ರೈಸ್ತ ಸಮುದಾಯಗಳು ಭಾರತದ ಅನೇಕ ಧರ್ಮಪ್ರಾಂತ್ಯಗಳಲ್ಲಿ ಬೆಳೆದವು. ದೇಶೀಕರಣದ ಗಮನ ವಿಧಿಗಳಿಂದ ಸಮುದಾಯದ ಬದುಕಿನ ಕಡೆಗೆ ಹೊರಳಿದುದನ್ನು ಇದು ಸೂಚಿಸುತ್ತದೆ. 1994ರಲ್ಲಿ ರೋಮ್ ದೇಶೀಕರಣದ ಕುರಿತು ವಿಸ್ತೃತ ಮಾರ್ಗಸೂಚಿಯನ್ನು ಹೊರಡಿಸಿತು. 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಪೂಜಾಗ್ರಂಥಗಳ ಅನುವಾದದ ವಿಷಯದಲ್ಲಿ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗಳಿಗೆ ಹೆಚ್ಚಿನ ಹೊಣೆಯನ್ನು ವಹಿಸಿದರು.

ಹನ್ನೆರಡು ಅಂಶಗಳಲ್ಲಿ ಎಣ್ಣೆಯ ದೀಪ, ಕೈಮುಗಿದು ನೀಡುವ ಶಾಂತಿಯ ವಂದನೆ, ಆರತಿಯ ಸ್ವಾಗತಗಳು ಕರ್ನಾಟಕದ ಅನೇಕ ಚರ್ಚುಗಳಲ್ಲಿ, ವಿಶೇಷವಾಗಿ ಹಬ್ಬಗಳಲ್ಲಿ, ಇಂದು ಸಾಮಾನ್ಯ ದೃಶ್ಯಗಳಾಗಿವೆ. ನೆಲದ ಮೇಲೆ ಕುಳಿತು ನಡೆಸುವ ಪೂಜೆ ಹೆಚ್ಚಾಗಿ ಆಶ್ರಮಗಳು ಮತ್ತು ತರಬೇತಿ ಕೇಂದ್ರಗಳಿಗೆ ಸೀಮಿತವಾಗಿದೆ. ಜನರ ಮನೆ ಮದುವೆಗಳಲ್ಲಿ ಮೊದಲಿನಿಂದಲೂ ಬಳಕೆಯಲ್ಲಿದ್ದ ಆಚಾರಗಳು ಚರ್ಚಿನಲ್ಲಿಯೂ ಸುಲಭವಾಗಿ ಬೇರೂರಿದವು. ಗ್ರಂಥಗಳಿಂದ ಆರಿಸಿ ತಂದವುಗಳಿಗೆ ಅಂತಹ ನೆಲೆ ದೊರೆಯಲಿಲ್ಲ.